ಫ್ಲಾಪಿ ಇಲ್ಲದ ಲ್ಯಾಪ್‌ಟಾಪಿಗೆ ಕನ್ನಡವನ್ನು ತುಂಬುವ ಬಗೆ



ಜತ್ತ ತಾಲ್ಲೂಕಿನ ಸಂಖ, ಉಮದಿಗಳ ಕಡೆಯ ಮಗು ಮನೆಯಲ್ಲಿ ಕನ್ನಡವನ್ನಾಡುತ್ತದೆ, ಕಚೇರಿ ಪೇಟೆಗಳಲ್ಲಿ ಮರಾಠಿಯನ್ನು ಕೇಳುತ್ತದೆ, ಪುಣೆಯ ಬಾಲಭಾರತಿ ಪ್ರಕಟಿಸಿದ ಕನ್ನಡ ಪುಸ್ತಕವನ್ನು ಓದುತ್ತದೆ. ಅಂತಹ ಮಗುವಿನ ಶಾಲೆಗೆ ಯಾರೋ ಬಳಸಿ ಬಿಟ್ಟ ಹತ್ತು ಲ್ಯಾಪ್‌ಟಾಪುಗಳು ದಾನವಾಗಿ ಬಂದವೆನ್ನಿ. ತೆರೆದರೆ ಇಂಗ್ಲಿಷ್ ಉಂಟು, ದೇವನಾಗರಿಯೂ ಇದ್ದೀತು. ಕನ್ನಡ ಬರಬೇಕಾದಲ್ಲಿ ಬರಿಯ ಚೌಕಗಳು. ಪೆಟ್ಟಿಗೆಗಳು ಬೀರು ಸೇರುವುದು ಹೀಗೆಯೇ.

ಯಂತ್ರವನ್ನು ಚಾಲೂ ಮಾಡಿದೊಡನೆ ಅದರ ನೆನಪು ಬರಿದಾಗಿರುತ್ತದೆ. ಒಳಗಿನ ಚಿಪ್ಪಿನಲ್ಲಿರುವ ಬಯಾಸ್ ಎಂಬ ಚಿಕ್ಕ ಕಾರ್ಯಕ್ರಮವು ಕಾರ್ಯಾಚರಣೆ ವ್ಯವಸ್ಥೆ ಎಲ್ಲಿದೆಯೆಂದು ಹುಡುಕಿ ಎಬ್ಬಿಸುತ್ತದೆ, ಇದೇ ಬೂಟ್. ಹಿಂದೆ ಯಂತ್ರ ಕೆಟ್ಟಾಗ 1.44 ಎಂ.ಬಿ. ಫ್ಲಾಪಿಯಿಂದ ಎಬ್ಬಿಸುತ್ತಿದ್ದರು. ತೆಳುವಾದ ಲ್ಯಾಪ್‌ಟಾಪುಗಳು ಬಂದಂತೆ ಫ್ಲಾಪಿ ಹೋಯಿತು, ಅನಂತರ ಸಿ.ಡಿ.ಯೂ ಹೋಯಿತು. ಆಗಿನ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಮೂಡಬೇಕಾದರೆ ಭಾರತೀಯ ಲಿಪಿಗಳ ಕಡತಗಳನ್ನು ಬೇರೆಯಾಗಿ ಸೇರಿಸಬೇಕಿತ್ತು, ಅದಕ್ಕೆ ಸಿ.ಡಿ.ಯನ್ನು ಕೇಳುತ್ತಿತ್ತು. ಸಿ.ಡಿ. ಹಾಕುವ ಬಾಯಿಯೇ ಇಲ್ಲದ ಯಂತ್ರದಲ್ಲಿ ಕನ್ನಡ ಅಲ್ಲಿಗೇ ನಿಂತಿತು.

ಈಗಿನ ಸುಲಭದ ದಾರಿ ಪೆನ್ ಡ್ರೈವ್. ಚಾಲೂ ಮಾಡುವಾಗ ತಯಾರಕರಿಗೆ ತಕ್ಕಂತೆ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನು ಒತ್ತಿದರೆ ಬೂಟ್ ಪಟ್ಟಿ ತೆರೆಯುತ್ತದೆ, ಅದರಲ್ಲಿ ಯು.ಎಸ್.ಬಿ.ಯನ್ನು ಆರಿಸಬೇಕು. ಬಹಳ ಹಳೆಯ ಯಂತ್ರ ಯು.ಎಸ್.ಬಿ.ಯನ್ನು ಒಪ್ಪದಿದ್ದರೆ ಜಾಲದ ತಂತಿಯಿಂದ ಎಬ್ಬಿಸುವ ಪಿ.ಎಕ್ಸ್.ಇ. ಕ್ರಮವುಂಟು. ಒಂದೆರಡು ಯಂತ್ರಗಳಿಗೆ ಅಷ್ಟು ಸಿದ್ಧತೆ ಅನಾವಶ್ಯಕ. ಹಾರ್ಡ್ ಡಿಸ್ಕನ್ನು ಬಿಚ್ಚಿ, ಯು.ಎಸ್.ಬಿ. ಪೆಟ್ಟಿಗೆಯಲ್ಲಿಟ್ಟು ಬೇರೊಂದು ಗಣಕಕ್ಕೆ ಜೋಡಿಸುವುದೇ ಮೇಲು. ಐ.ಡಿ.ಇ. ಹಾಗೂ ಸಾಟಾ ಡಿಸ್ಕುಗಳ ಜೋಡಣೆ ಬೇರೆಬೇರೆ. ಪೆಟ್ಟಿಗೆ ಕೊಳ್ಳುವ ಮುನ್ನ ಅದನ್ನು ನೋಡಬೇಕು.

ಹತ್ತು ಯಂತ್ರಗಳಲ್ಲಿ ಹತ್ತು ಸಲ ಕನ್ನಡವನ್ನು ಹೂಡುವವರು ಮೂರನೆಯದಕ್ಕೇ ಕೈಬಿಡುತ್ತಾರೆ. ಒಂದನ್ನೇ ಚೆನ್ನಾಗಿ ಸಿದ್ಧಪಡಿಸಿ, ಅದರ ಡಿಸ್ಕಿನ ಪೂರ್ಣ ಪ್ರತಿಯಾದ ಇಮೇಜನ್ನು ತೆಗೆದು ಉಳಿದವುಗಳಿಗೆ ಇಳಿಸುವುದು ಜಾಣತನ. ತೈವಾನಿನಲ್ಲಿ ರೂಪುಗೊಂಡ ಕ್ಲೋನ್‌ಜಿಲ್ಲಾ ಎಂಬ ಉಚಿತ ತಂತ್ರಾಂಶ ಇದಕ್ಕೆ ಸಾಕು. ಡಿಸ್ಕಿನಲ್ಲಿ ಬಳಕೆಯಾದ ಭಾಗವನ್ನಷ್ಟೇ ನಕಲಿಸುವುದರಿಂದ ಇಮೇಜ್ ಹಗುರವಾಗಿರುತ್ತದೆ. ಅತ್ಯಂತ ಚಿಕ್ಕ ಡಿಸ್ಕಿನ ಯಂತ್ರವನ್ನೇ ಮಾದರಿಯಾಗಿ ಆರಿಸಬೇಕು. ದೊಡ್ಡದರ ಇಮೇಜ್ ಚಿಕ್ಕದಕ್ಕೆ ಸಾಮಾನ್ಯವಾಗಿ ಇಳಿಯದು. ಒಂದು ಯಂತ್ರವಾದರೂ 32 ಬಿಟ್‌ನದಾಗಿದ್ದರೆ ಮಾದರಿಗೆ 32 ಬಿಟ್ ವ್ಯವಸ್ಥೆಯನ್ನೇ ಹಾಕಬೇಕು. ಉಚಿತವಾದ ಲಿನಕ್ಸ್ ಆದರೆ ಪರವಾನಗಿಯ ತೊಡಕೂ ಇಲ್ಲ.

ನಿಜವಾದ ಅಪಾಯವಿರುವುದು ದಿಕ್ಕಿನಲ್ಲಿ. ಯಾವುದರಿಂದ ಯಾವುದಕ್ಕೆ ಎಂಬುದು ಅದಲುಬದಲಾದರೆ ಖಾಲಿ ಡಿಸ್ಕು ತುಂಬಿದ ಡಿಸ್ಕನ್ನು ಅಳಿಸಿಹಾಕುತ್ತದೆ. ಹಾಜರಿ, ಫಲಿತಾಂಶ ಎಲ್ಲವೂ ಹೋದಂತೆ. ಅಳಿಸುವ ಮೊದಲು ಕ್ಲೋನ್‌ಜಿಲ್ಲಾ ಎರಡು ಸಲ ಒಪ್ಪಿಗೆ ಕೇಳುತ್ತದೆ. ಅವಸರದಲ್ಲಿ ಎರಡಕ್ಕೂ ಹೌದೆನ್ನುವವರೇ ಹೆಚ್ಚು. ಡಿಸ್ಕಿನ ಹೆಸರನ್ನಲ್ಲ, ಅಳತೆ ಮತ್ತು ಮಾದರಿ ಸಂಖ್ಯೆಯನ್ನು ಓದಿ ಮತ್ತೊಬ್ಬ ಶಿಕ್ಷಕರಿಗೆ ತೋರಿಸಿಯೇ ಮುಂದುವರಿಯಬೇಕು. ಹಳೆಯ ಬ್ಯಾಟರಿಯನ್ನು ನಂಬಬಾರದು. ನಡುವೆ ವಿದ್ಯುತ್ ಹೋದರೆ ಆ ಡಿಸ್ಕಿನ ಕೆಲಸವನ್ನು ಮೊದಲಿಂದ ಮಾಡಬೇಕಾಗುತ್ತದೆ.

ಮಾದರಿಯಲ್ಲಿ ಏನಿರಬೇಕು? ಯುನಿಕೋಡ್ ಕನ್ನಡ ಅಕ್ಷರಶೈಲಿ, ಪಠ್ಯಪುಸ್ತಕಗಳ ಪ್ರತಿ, ಕನ್ನಡ ಮತ್ತು ಮರಾಠಿಗೆ ಇನ್‌ಸ್ಕ್ರಿಪ್ಟ್ ಕೀಲಿಮಣೆ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಅಂಗೀಕರಿಸಿದ ಈ ವಿನ್ಯಾಸದಲ್ಲಿ ಒಂದೇ ವರ್ಣಕ್ಕೆ ಎಲ್ಲ ಭಾರತೀಯ ಲಿಪಿಗಳಲ್ಲೂ ಒಂದೇ ಕೀಲಿ. ಇಂಗ್ಲಿಷಿನ ಕೆ ಅಕ್ಷರದ ಕೀಲಿಯಲ್ಲಿ ಕನ್ನಡದ ಕಕಾರ, ಅಲ್ಲಿಯೇ ದೇವನಾಗರಿಯ ಕಕಾರ. ಶಿಫ್ಟ್ ಹಿಡಿದು ಎನ್ ಒತ್ತಿದರೆ ಎರಡೂ ನುಡಿಗಳಿಗೆ ಪ್ರಿಯವಾದ ಳಕಾರ. ಕನ್ನಡದಲ್ಲಿ ಬೆರಳು ಪಳಗಿದ ಮಗುವಿಗೆ ಮರಾಠಿ ಬೆರಳಚ್ಚು ಅರ್ಧ ಬಂದಂತೆಯೇ. ಕನ್ನಡವನ್ನು ಹಾಕಿದರೆ ಮರಾಠಿಗೆ ತೊಡಕಾದೀತೆಂಬ ಪಾಲಕರ ಶಂಕೆಗೆ ಈ ಕೀಲಿಮಣೆಯನ್ನೇ ತೋರಿಸಬಹುದು.

ಇಮೇಜ್ ಇಳಿದ ಮೇಲೆ ಪ್ರತಿ ಯಂತ್ರಕ್ಕೂ ಬೇರೆ ಹೆಸರಿಟ್ಟು, ಒಂದು ಕನ್ನಡ ವಾಕ್ಯವನ್ನು ಬೆರಳಚ್ಚಿಸಿ ಉಳಿಸಿ, ಮತ್ತೆ ತೆರೆದು ನೋಡಬೇಕು. ಇಮೇಜ್ ಇರುವ ಡಿಸ್ಕಿನ ಮೇಲೆ ದಿನಾಂಕವನ್ನು ಬರೆದು ಮುಖ್ಯೋಪಾಧ್ಯಾಯರ ಬೀರುವಿನಲ್ಲಿಡಬೇಕು. ಬೂಟ್ ಆಗುವ ಪೆನ್ ಡ್ರೈವ್ ಅದರ ಜೊತೆಗೇ ಇರಲಿ.