ಪವಿತ್ರ ಭವನ ಕಟ್ಟಿದವರ ತಾಳ್ಮೆ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ 'ಸಬ್ರ್' ಎಂಬ ಪದದ ಅರ್ಥ ಹೇಳಬೇಕಾದ ಸಂದರ್ಭ ತರಗತಿಯಲ್ಲಿ ಆಗಾಗ ಬರುತ್ತದೆ. ತಾಳ್ಮೆ ಎಂದು ಹೇಳಿಬಿಟ್ಟರೆ ಮಕ್ಕಳು ಅದನ್ನು ಸುಮ್ಮನೆ ಕೂತು ಕಾಯುವುದು ಎಂದು ತಿಳಿಯುತ್ತಾರೆ. ದೊಡ್ಡವರೂ ಹಾಗೆ ತಿಳಿಯುವುದುಂಟು. ಕೈಯಲ್ಲಿ ಕೆಲಸ ಹಿಡಿದುಕೊಂಡೇ ಕಾಯುವುದು ಹೇಗೆ ಎಂಬುದನ್ನು ತೋರಿಸಲು ಬನೀ ಇಸ್ರಾಈಲರು ತಮ್ಮ ಆರಾಧನಾಲಯಗಳನ್ನು ಕಟ್ಟಿದ ಚರಿತ್ರೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ. ಇದರ ಹೆಚ್ಚಿನ ವಿವರಗಳು ಬೈಬಲ್‌ನ ಹಳೆಯ ಒಡಂಬಡಿಕೆಯಲ್ಲಿವೆ. ಕೆಲವು ಮಾತುಗಳು ಪವಿತ್ರ ಕುರ್‌ಆನಿನಲ್ಲೂ ಹದೀಸಿನಲ್ಲೂ ಇವೆ.

ಮೊದಲು ಗುಡಾರದ ಕಥೆ ಕೇಳಿ. ಹಝ್ರತ್ ಮೂಸಾ (ಅ) ಅವರ ಜನ ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಗೊಂಡು ಮರುಭೂಮಿಯಲ್ಲಿ ಅಲೆಯುತ್ತಿದ್ದಾಗ ಅವರ ಆರಾಧನಾಲಯ ಒಂದು ಗುಡಾರವಾಗಿತ್ತು. ಬಿಚ್ಚಿ ಹೊತ್ತುಕೊಂಡು ಹೋಗುವಂಥದ್ದು. ಅದಕ್ಕೆ ಪ್ರತಿಯೊಬ್ಬ ಗಂಡಸೂ ಅರ್ಧ ಶೆಕೆಲ್ ಬೆಳ್ಳಿ ಕೊಡಬೇಕಿತ್ತು. ಶ್ರೀಮಂತ ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ, ಬಡವ ಕಡಿಮೆ ಕೊಡುವಂತಿಲ್ಲ. ಲೆಕ್ಕಕ್ಕೆ ಸಿಕ್ಕವರು 6,03,550 ಮಂದಿ. ಹೀಗೆ ಕೂಡಿದ ಬೆಳ್ಳಿಯನ್ನು ಕರಗಿಸಿ 100 ಪೀಠಗಳನ್ನು ಎರಕ ಹೊಯ್ದರು. ಗುಡಾರದ ಚೌಕಟ್ಟು, ಕಂಬಗಳು ನಿಂತದ್ದು ಆ ಪೀಠಗಳ ಮೇಲೆ. ಅಂದರೆ ಅದರ ತಳಪಾಯದಲ್ಲಿ ಬಡವನ ಬೆಳ್ಳಿ ಯಾವುದು, ಬಲ್ಲಿದನದು ಯಾವುದು ಎಂದು ಬೇರ್ಪಡಿಸಲು ಯಾರಿಂದಲೂ ಆಗುತ್ತಿರಲಿಲ್ಲ!

ಉಳಿದದ್ದೆಲ್ಲ ಮನಸ್ಸಿದ್ದವರ ಕಾಣಿಕೆ. ಹೆಣ್ಣುಮಕ್ಕಳು ಆಡಿನ ಕೂದಲನ್ನು ನೂತು ಕೊಟ್ಟರು. ಕೈಕಾಲು ತೊಳೆಯುವ ತಾಮ್ರದ ತೊಟ್ಟಿ ತಯಾರಾದದ್ದು ಹೆಂಗಸರ ಮುಖ ನೋಡುವ ಕನ್ನಡಿಗಳಿಂದ. ಆ ಕಾಲದ ಕನ್ನಡಿ ಎಂದರೆ ಉಜ್ಜಿ ಹೊಳಪು ಕೊಟ್ಟ ಲೋಹ. ಬೆಸಲೇಲ್ ಮತ್ತು ಒಹೊಲೀಯಾಬ್ ಎಂಬ ಇಬ್ಬರು ಕುಶಲಕರ್ಮಿಗಳು ಕೆಲಸದ ಮುಂದಾಳುಗಳು. ತಾವು ಕಲಿತದ್ದನ್ನು ಇತರರಿಗೆ ಕಲಿಸುವ ಶಕ್ತಿಯೂ ಅವರಿಗೆ ದೇವರಿಂದ ಬಂದಿತ್ತು ಎಂದು ಗ್ರಂಥ ಹೇಳುತ್ತದೆ. ಶಿಕ್ಷಕನಾದ ನನಗೆ ಇದು ಬಹಳ ಹಿಡಿಸಿದ ಮಾತು. ಕೊನೆಗೆ ಕಾಣಿಕೆ ಎಷ್ಟು ಬಂತೆಂದರೆ, ಇನ್ನು ಸಾಕು, ತರಬೇಡಿ ಎಂದು ಪಾಳೆಯದಲ್ಲೆಲ್ಲ ಸಾರಿಸಬೇಕಾಯಿತು.

ಮುಂದೆ ಹಝ್ರತ್ ದಾವೂದ್ (ಅ) ಅವರ ಕಾಲ. ಅವರು ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರೆಂದು ಬುಖಾರಿಯ ಹದೀಸಿನಲ್ಲಿದೆ. ಬೈಬಲ್‌ನ ಪ್ರಕಾರ, ದೇವರಿಗೊಂದು ಭವನ ಕಟ್ಟಬೇಕೆಂಬ ಆಸೆ ಅವರದು. ಆದರೆ ನಾತಾನ್ ಪ್ರವಾದಿಯ ಮೂಲಕ ಬಂದ ಉತ್ತರ ಬೇರೆ: ಕಟ್ಟುವುದು ಅವರ ಮಗ. ಜೀವಮಾನದ ಆಸೆಗೆ ಇಂಥ ಉತ್ತರ ಬಂದರೆ ನೀವು ಏನು ಮಾಡುತ್ತೀರಿ? ಹೆಚ್ಚಿನವರು ಕೈ ಚೆಲ್ಲಿ ಕೂರುತ್ತಾರೆ. ದಾವೂದರು ಕಲ್ಲು, ಕಬ್ಬಿಣ, ಕಂಚು, ದೇವದಾರು ಮರ ಕೂಡಿಸಿಡತೊಡಗಿದರು. ಅರೌನಾ ಎಂಬವನ ಕಣದ ಜಾಗ ಬೇಕಾದಾಗ ಅವನು ಜಾಗ, ಎತ್ತು, ಸೌದೆ ಎಲ್ಲವನ್ನೂ ಪುಕ್ಕಟೆ ಕೊಡಲು ಮುಂದೆ ಬಂದ. ದಾವೂದರು ಒಪ್ಪಲಿಲ್ಲ. ತನಗೆ ಏನೂ ಖರ್ಚಾಗದ ವಸ್ತುವನ್ನು ದೇವರಿಗೆ ಅರ್ಪಿಸಲಾರೆ ಎಂದು 50 ಶೆಕೆಲ್ ಬೆಳ್ಳಿ ಕೊಟ್ಟು ಕಣವನ್ನೂ ಎತ್ತುಗಳನ್ನೂ ಕೊಂಡರು. ರಾಶಿ ಒಕ್ಕುವ ಆ ಕಣದ ಮೇಲೆಯೇ ಮುಂದೆ ಭವನ ಎದ್ದಿತೆಂದು ಗ್ರಂಥದ ಹೇಳಿಕೆ. ಅದು ಏಳುವುದನ್ನು ನೋಡಲು ಅವರು ಇರಲಿಲ್ಲ.

ಹಝ್ರತ್ ಸುಲೈಮಾನ್ (ಅ) ಅವರು ತಮ್ಮ ಆಳ್ವಿಕೆಯ 4ನೇ ವರ್ಷ ಕೆಲಸ ಆರಂಭಿಸಿದರು. ಮುಗಿಯಲು 7 ವರ್ಷ ಹಿಡಿಯಿತು. ಭವನದ ಉದ್ದ 60 ಮೊಳ, ಅಗಲ 20 ಮೊಳ, ಎತ್ತರ 30 ಮೊಳ. ಗಾತ್ರದಲ್ಲಿ ಅದು ಬಹಳ ದೊಡ್ಡದೇನಲ್ಲ. ಆದರೂ 7 ವರ್ಷ ಏಕೆ ಬೇಕಾಯಿತು? ಲೆಬನಾನಿನ ಬೆಟ್ಟದಲ್ಲಿ ದೇವದಾರು ಕಡಿಯಬೇಕು, ದಿಮ್ಮಿಗಳನ್ನು ತೆಪ್ಪವಾಗಿ ಕಟ್ಟಿ ಸಮುದ್ರದಲ್ಲಿ ಯಾಫಾ ಬಂದರಿಗೆ ತೇಲಿಸಬೇಕು, ಅಲ್ಲಿಂದ ಗುಡ್ಡ ಹತ್ತಿಸಿ ಜೆರುಸಲೇಮಿಗೆ ತರಬೇಕು. ಕಲ್ಲುಗಳನ್ನು ಗಣಿಯಲ್ಲೇ ಅಳತೆಗೆ ಸರಿಯಾಗಿ ಕೆತ್ತಿ ತಂದುದರಿಂದ ಕಟ್ಟುವ ಜಾಗದಲ್ಲಿ ಸುತ್ತಿಗೆ, ಕೊಡಲಿಯ ಸದ್ದೇ ಕೇಳಿಸಲಿಲ್ಲವಂತೆ. ನೀವು ಯಾವುದಾದರೂ ಕಟ್ಟಡದ ಕೆಲಸ ನೋಡಿದ್ದರೆ ಇದರ ಹಿಂದೆ ಎಷ್ಟು ಮುಂದಾಲೋಚನೆ ಬೇಕೆಂದು ನಿಮಗೆ ಗೊತ್ತಾಗುತ್ತದೆ.

ಕುರ್‌ಆನ್ 'ಸಬಾ' ಅಧ್ಯಾಯದಲ್ಲಿ ಜಿನ್ನ್‌ಗಳು ಸುಲೈಮಾನರಿಗಾಗಿ ಮಿಹ್ರಾಬ್‌ಗಳನ್ನೂ ದೊಡ್ಡ ದೊಡ್ಡ ಪಾತ್ರೆಗಳನ್ನೂ ಮಾಡುತ್ತಿದ್ದುದನ್ನು ಹೇಳಿ, ಅದೇ ಉಸಿರಿನಲ್ಲಿ ದಾವೂದರ ಮನೆತನದವರು ಕೃತಜ್ಞತೆಯಿಂದ ದುಡಿಯಬೇಕೆಂದು ಅಪ್ಪಣೆ ಮಾಡುತ್ತದೆ. ಮರುಕ್ಷಣದಲ್ಲೇ ಇನ್ನೊಂದು ಚಿತ್ರವಿದೆ. ಸುಲೈಮಾನರು ಊರುಗೋಲಿಗೆ ಒರಗಿ ನಿಂತಂತೆಯೇ ಮರಣ ಹೊಂದುತ್ತಾರೆ. ನೋಡುತ್ತಿದ್ದಾರೆಂದು ತಿಳಿದ ಜಿನ್ನ್‌ಗಳು ದುಡಿಯುತ್ತಲೇ ಇರುತ್ತವೆ. ಹುಳು ಕೋಲನ್ನು ತಿಂದು ದೇಹ ಕುಸಿದಾಗಲೇ ಸಂಗತಿ ತಿಳಿಯುವುದು. ಜಿನ್ನ್‌ಗಳಿಗೆ ಅಗೋಚರದ ಜ್ಞಾನವಿಲ್ಲ ಎಂಬುದು ಆ ಸೂಕ್ತದ ಮುಖ್ಯ ಪಾಠ. ಅದರ ಜೊತೆಗೆ ನನಗೆ ಕಾಣುವ ಇನ್ನೊಂದು ಮಾತೆಂದರೆ, ಕೋಲಿಗೆ ಹೆದರಿ ನಡೆಯುವ ಕೆಲಸ ಕೋಲು ಬಿದ್ದ ದಿನ ನಿಲ್ಲುತ್ತದೆ. ಕೃತಜ್ಞತೆಯಿಂದ ನಡೆಯುವ ಕೆಲಸಕ್ಕೆ ಕೋಲೇ ಬೇಕಿಲ್ಲ.

ಬೈಬಲ್‌ನ ಅರಸರ ಗ್ರಂಥವೂ ಇದನ್ನೇ ಬೇರೊಂದು ರೀತಿಯಲ್ಲಿ ಹೇಳುತ್ತದೆ. ಅದರ ಪ್ರಕಾರ 30,000 ಮಂದಿಯನ್ನು ಮರದ ಕೆಲಸಕ್ಕೆ ಹಿಡಿಯಲಾಯಿತು. ಸರದಿಯಂತೆ 10,000 ಮಂದಿ ಒಂದು ತಿಂಗಳು ಲೆಬನಾನಿನಲ್ಲಿ, ಮುಂದಿನ ಎರಡು ತಿಂಗಳು ತಮ್ಮ ಮನೆಗಳಲ್ಲಿ. ಹೊರೆ ಹೊರುವವರು 70,000, ಕಲ್ಲು ಕಡಿಯುವವರು 80,000. ಸುಲೈಮಾನರನ್ನು ನಾವು ಪ್ರವಾದಿಯೆಂದು ಗೌರವಿಸುತ್ತೇವೆ, ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ನಾನು ಹೇಳಹೊರಟದ್ದು ಅವರ ನಂತರದ ಕಥೆ. ಅವರ ಮಗ ರೆಹಬ್ಬಾಮ ಪಟ್ಟಕ್ಕೆ ಬರುವಾಗ ಜನ ಬಂದು, ನಮ್ಮ ನೊಗವನ್ನು ಸ್ವಲ್ಪ ಹಗುರ ಮಾಡಿ ಎಂದು ಬೇಡಿಕೊಂಡರು. ಅವರೊಡನೆ ಒಳ್ಳೆಯ ಮಾತಾಡು ಎಂದು ಹಿರಿಯರು ಬುದ್ಧಿ ಹೇಳಿದರು. ಅವನು ಓರಗೆಯವರ ಮಾತು ಕೇಳಿ, ಹೊರೆ ಇನ್ನೂ ಹೆಚ್ಚಿಸುತ್ತೇನೆ ಎಂದ. ಅಷ್ಟೇ ಸಾಕಾಯಿತು. ಬಿಟ್ಟಿ ಕೆಲಸದ ಮೇಲ್ವಿಚಾರಕನನ್ನು ಜನ ಕಲ್ಲೆಸೆದು ಕೊಂದರು. ಹತ್ತು ಕುಲಗಳು ಬೇರೆಯಾದವು. ಇದು ಸುಮಾರು ಕ್ರಿ.ಪೂ. 930ರ ಮಾತು. ಭವನದ ಒಂದು ಕಲ್ಲೂ ಅಲುಗಿರಲಿಲ್ಲ, ಜನ ಮಾತ್ರ ಎರಡಾಗಿದ್ದರು.

ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ದೊರೆ ನೆಬುಕದ್ನೆಚ್ಚರನ ಸೇನೆ ಆ ಭವನವನ್ನು ಸುಟ್ಟಿತು. ಕ್ರಿ.ಪೂ. 538ರಲ್ಲಿ ಪರ್ಷಿಯಾದ ಸೈರಸ್ ಸೆರೆಯಾಳುಗಳಿಗೆ ಮರಳಲು ಅಪ್ಪಣೆ ಕೊಟ್ಟ. ಬಂದವರು ಜೆರುಬ್ಬಾಬೆಲನ ಮುಂದಾಳುತನದಲ್ಲಿ ಅಸ್ತಿಭಾರ ಹಾಕಿದ ದಿನ, ಹಳೆಯ ಭವನವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರು, ಉಳಿದವರು ಸಂತೋಷದಿಂದ ಕೂಗಿದರು. ಅಳು ಯಾವುದು, ಹರ್ಷ ಯಾವುದು ಎಂದು ದೂರದವರಿಗೆ ತಿಳಿಯಲಿಲ್ಲ. ಆಮೇಲೆ ನೆರೆಯವರ ವಿರೋಧದಿಂದ ಕೆಲಸ ನಿಂತಿತು. ಸುಮಾರು 15 ವರ್ಷ ಹಾಗೆಯೇ ಬಿದ್ದಿತ್ತು.

ಇಲ್ಲಿ ನಿಜವಾದ ತಾಳ್ಮೆಗೂ ಸುಳ್ಳು ತಾಳ್ಮೆಗೂ ಇರುವ ವ್ಯತ್ಯಾಸ ನೋಡಿ. ಭವನ ಕಟ್ಟಲು ಇನ್ನೂ ಸಮಯ ಬಂದಿಲ್ಲ ಎಂದು ಜನ ಹೇಳುತ್ತಿದ್ದರು. ಕೇಳಲು ಅದು ಸಬ್ರ್‌ನಂತೆಯೇ ಇದೆ! ಆದರೆ ಹಗ್ಗಾಯ ಎಂಬ ಪ್ರವಾದಿ, ನಿಮ್ಮ ಮನೆಗಳಿಗೆ ಮರದ ಹಲಗೆ ಹೊದಿಸಲು ಸಮಯ ಬಂತಲ್ಲ ಎಂದು ಕೇಳಿದರು. ಜನರ ಬಳಿ ಉತ್ತರವಿರಲಿಲ್ಲ. 'ಇನ್‌ಶಾ ಅಲ್ಲಾಹ್' ಎಂಬ ಪವಿತ್ರ ಮಾತನ್ನು ನಾವೂ ಕೆಲಸ ಮುಂದೂಡಲು ಬಳಸುವುದುಂಟಲ್ಲವೇ? ಕ್ರಿ.ಪೂ. 520ರಲ್ಲಿ ಕೆಲಸ ಮತ್ತೆ ಆರಂಭವಾಗಿ ಕ್ರಿ.ಪೂ. 515ರಲ್ಲಿ ಮುಗಿಯಿತು. ಹಿಂದಿನ ವೈಭವ ಅದಕ್ಕಿರಲಿಲ್ಲ. ಆದರೂ ಆ ಸ್ಥಾನದಲ್ಲಿ ಆರಾಧನೆ ಮತ್ತೆ ನೆಲೆಗೊಂಡಿತು. ಮುಂದೆ ದೊರೆ ಹೆರೋದ ಅದನ್ನು ಹೊಸದಾಗಿ, ವಿಸ್ತಾರವಾಗಿ ಕಟ್ಟಿಸಿದ. ಕ್ರಿ.ಶ. 70ರಲ್ಲಿ ರೋಮನ್ನರು ಅದನ್ನೂ ಕೆಡವಿದರು.

ಬಂಧುಗಳೇ, ಗುಡಾರ ಇಂದು ಇಲ್ಲ, ಆ ಎರಡು ಭವನಗಳೂ ಇಲ್ಲ. ಮರ ಸುಡುತ್ತದೆ, ಕಲ್ಲು ಬೀಳುತ್ತದೆ. ಕನ್ನಡಿ ಕೊಟ್ಟ ಹೆಂಗಸು, ತಾನು ನೋಡಲಾಗದ ಭವನಕ್ಕೆ ಹಣ ಕೊಟ್ಟು ಕಣ ಕೊಂಡ ದೊರೆ, ಅಳುತ್ತಲೇ ಅಸ್ತಿಭಾರದ ಮುಂದೆ ನಿಂತ ಮುದುಕ, ಇವರ ನಿಯ್ಯತ್ತು ಮಾತ್ರ ಅಲ್ಲಾಹನ ಬಳಿ ಉಳಿದಿದೆ ಎಂದು ನಾನು ನಂಬುತ್ತೇನೆ. ನೀವು ಕೈಗೊಳ್ಳುವ ಕೆಲಸ ದೊಡ್ಡದಿರಲಿ, ಚಿಕ್ಕದಿರಲಿ, ಎಷ್ಟು ಬೇಗ ಮುಗಿಯಿತು ಎಂದು ಕೇಳುವ ಮೊದಲು ಹೊರೆ ಹೊತ್ತವರು ಮನಸಾರೆ ಹೊತ್ತರೇ ಎಂದು ಕೇಳಿ. 'ತಾಳಿದವನು ಬಾಳಿಯಾನು' ಎಂಬ ನಮ್ಮ ಗಾದೆ ಹೊರುವವನಿಗೆ ಮಾತ್ರ ಹೇಳಿದ್ದಲ್ಲ, ಹೊರಿಸುವವನೂ ಅದನ್ನು ಕಲಿಯಬೇಕು.

ಅಲ್ಲಾಹನು ನಮಗೆಲ್ಲ ಸಬ್ರ್ ಮತ್ತು ಇಖ್ಲಾಸ್ ಕರುಣಿಸಲಿ. ಆಮೀನ್. ವಸ್ಸಲಾಮ್.