ಹೊಲಿದ ದೋಣಿ, ತಣ್ಣನೆಯ ನೀರು



ದೋಣಿ ಎಂದೊಡನೆ ನಮ್ಮಲ್ಲಿ ಬಯಲುಸೀಮೆಯವರಿಗೆ ಹರಿಗೋಲು, ಕರಾವಳಿಯವರಿಗೆ ಪಾತಿದೋಣಿ ನೆನಪಾಗುತ್ತದೆ. ಆದರೆ ಹುಟ್ಟನ್ನು ಅಂಬಿಗನ ಕೈಗೆ ಬಿಟ್ಟು ಪ್ರಯಾಣಿಕರಾಗಿ ಕುಳಿತವರೇ ನಮ್ಮಲ್ಲಿ ಹೆಚ್ಚು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ವಚನಗಳನ್ನು ಆದರದಿಂದ ಓದುವ ನಾವು ಅವನ ಕಸುಬನ್ನು ಮಾತ್ರ ಕೈಯಿಂದ ಮುಟ್ಟಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತ ಇಷ್ಟು ವರ್ಷ ಬಾಳಿಯೂ ಆ ನೀರನ್ನು ಸೇತುವೆಯ ಮೇಲಿನಿಂದಷ್ಟೇ ಕಂಡವರು ಬಹುಮಂದಿ. ಇಬ್ಬರು ಎತ್ತಿ ಕಾರಿನ ನೆತ್ತಿಗೇರಿಸಬಹುದಾದ ಹಗುರವಾದ ಮರದ ದೋಣಿಯೊಂದನ್ನು ಮನೆಯ ಗ್ಯಾರೇಜಿನಲ್ಲಿಯೇ ಕಟ್ಟಿ ನೀರಿಗಿಳಿಸುವ ಬಗೆಯನ್ನು ಈ ಹೊತ್ತು ತಮ್ಮ ಮುಂದಿಡಬಯಸುತ್ತೇನೆ.

ಈ ಊರಿನಲ್ಲಿ ಹುಟ್ಟುದೋಣಿಗೆ ದೊಡ್ಡ ಪರಂಪರೆಯೇ ಇದೆ. ಅಕ್ವಾಟಿಕ್ ಪಾರ್ಕಿನ ದಂಡೆಯಲ್ಲಿ ಎರಡು ಹಳೆಯ ಸಂಘಗಳು ಅಕ್ಕಪಕ್ಕದಲ್ಲಿವೆ. ಸೌತ್ ಎಂಡ್ ಸಂಘ 1873ರಲ್ಲಿ ಹುಟ್ಟಿದ್ದು, ಡಾಲ್ಫಿನ್ ಸಂಘ 1877ರಲ್ಲಿ. ಎರಡನೆಯದನ್ನು ಕಟ್ಟಿದವರು ಜರ್ಮನ್ ವಲಸೆಗಾರರು. ಅಂದರೆ ನಮ್ಮಂತೆಯೇ ಬಂದು ಕೂಟ ಕಟ್ಟಿಕೊಂಡವರು! ಅಲ್ಲಿನ ಮರದ ವೈಟ್‌ಹಾಲ್ ದೋಣಿಗಳನ್ನು ಸದಸ್ಯರೇ ಉಜ್ಜಿ, ವಾರ್ನಿಷ್ ಬಳಿದು ಕಾಪಾಡಿಕೊಂಡು ಬಂದಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಲಂಗರು ಹಾಕಿದ ಹಡಗುಗಳಿಗೂ ದಡಕ್ಕೂ ನಡುವೆ ಜನರನ್ನು ಸಾಗಿಸುತ್ತಿದ್ದುದು ಇಂಥ ದೋಣಿಗಳೇ. ನೋಡಲು ಬಲು ಸುಂದರ. ಆದರೆ ಹಲಗೆ ಹಲಗೆ ಜೋಡಿಸಿ ಕಟ್ಟಿದ ಈ ಜಾತಿಯ ದೋಣಿ ಸಾಮಾನ್ಯವಾಗಿ ಇನ್ನೂರು ಪೌಂಡಿಗೂ ಮಿಕ್ಕಿ ತೂಗುತ್ತದೆ, ಕಟ್ಟಲು ನುರಿತ ಬಡಗಿಯೇ ಬೇಕು.

ನಮ್ಮಂಥವರಿಗೆ ಒದಗುವುದು ಹೊಲಿದು ಅಂಟಿಸುವ ಪದ್ಧತಿ. ಹೊಲಿಗೆ ಎಂದಾಗ ನಗು ಬರಬಹುದು. ಆದರೆ ನಮ್ಮ ಪಶ್ಚಿಮ ಸಮುದ್ರದ ಹಡಗುಗಳನ್ನು ಶತಮಾನಗಳ ಕಾಲ ಹೊಲಿದೇ ಕಟ್ಟುತ್ತಿದ್ದರು. 1340ರ ದಶಕದಲ್ಲಿ ಹೊನ್ನಾವರದಲ್ಲಿಯೂ ತಂಗಿದ್ದ ಪ್ರವಾಸಿ ಇಬ್ನ್ ಬತೂತ ಇದಕ್ಕೆ ಕಾರಣವನ್ನೂ ಬರೆದಿಟ್ಟಿದ್ದಾನೆ: ಕಬ್ಬಿಣದ ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ತೆಂಗಿನ ನಾರಿನಿಂದ ಹೊಲಿದದ್ದು ಬಾಗಿ ಉಳಿಯುತ್ತದೆ. ಬ್ರಿಟನ್ನಿನಲ್ಲಿ 1960ರ ದಶಕದ ಆರಂಭದಲ್ಲಿ ಬ್ಯಾರಿ ಬಕ್ನೆಲ್ ಮತ್ತು ಜ್ಯಾಕ್ ಹೋಲ್ಟ್ ರೂಪಿಸಿದ ಮಿರರ್ ಎಂಬ ಪುಟ್ಟ ಹಾಯಿದೋಣಿ ನಾರಿನ ಬದಲು ತಾಮ್ರದ ತಂತಿಯನ್ನೂ, ಅದರ ಮೇಲೆ ಗಾಜುನಾರಿನ ಪಟ್ಟಿಯನ್ನೂ ರಾಳವನ್ನೂ ಬಳಸಿತು. ಆ ಮಾದರಿಯ ದೋಣಿಗಳು 70,000ಕ್ಕೂ ಮೀರಿ ತಯಾರಾದವು. ಎಷ್ಟೋ ದೋಣಿಗಳನ್ನು ಕಟ್ಟಿದವರು ಬಡಗಿಗಳೇ ಅಲ್ಲ.

ತತ್ತ್ವವನ್ನು ತಿಳಿಯಲು ಊಟದ ದೊನ್ನೆಯನ್ನು ನೆನೆದರೆ ಸಾಕು. ಚಪ್ಪಟೆಯಾದ ಎಲೆಯನ್ನು ಮಡಿಸಿ ಕಡ್ಡಿ ಚುಚ್ಚಿದೊಡನೆ ಅದಕ್ಕೆ ಆಕಾರ ಬರುತ್ತದೆ, ಆಕಾರದಿಂದ ಬಿಗಿ ಬರುತ್ತದೆ. ಇಲ್ಲಿ ಎಲೆಯ ಬದಲು ನೀರಿಗೆ ತಾಳುವ ಪ್ಲೈವುಡ್. 6 ಮಿಲಿಮೀಟರ್ ದಪ್ಪದ, ಎಂಟಡಿ ಉದ್ದ ನಾಲ್ಕಡಿ ಅಗಲದ ಒಕುಮೆ ಮರದ ಹಾಳೆ ಸುಮಾರು ಒಂಬತ್ತು ಹತ್ತು ಕಿಲೋ ತೂಗುತ್ತದೆ. ದೋಣಿ ಹದಿನೈದಡಿ ಆಗಬೇಕಾದ್ದರಿಂದ ಎರಡು ಹಾಳೆಗಳ ತುದಿಯನ್ನು ಓರೆಯಾಗಿ ಹೆರೆದು ಒಂದರ ಮೇಲೊಂದನ್ನು ಅಂಟಿಸಬೇಕು. ಓರೆ ದಪ್ಪದ ಎಂಟರಷ್ಟು, ಎಂದರೆ 48 ಮಿಲಿಮೀಟರ್. ಬಳಿಕ ನಕ್ಷೆಯಂತೆ ಹಲಗೆಗಳನ್ನು ಕತ್ತರಿಸಿ, ಅಂಚಿನಲ್ಲಿ ನಾಲ್ಕಾರು ಅಂಗುಲಕ್ಕೊಂದು ರಂಧ್ರ ಕೊರೆದು, ತಂತಿ ತಿರುಚುತ್ತ ಹೋದರೆ ಸಂಜೆಯ ಹೊತ್ತಿಗೆ ನೆಲದ ಮೇಲೆ ಬಿದ್ದಿದ್ದ ಹಾಳೆಗಳು ದೋಣಿಯಾಗಿ ಎದ್ದು ನಿಲ್ಲುತ್ತವೆ. ಮಕ್ಕಳನ್ನು ಈ ದಿನ ತಪ್ಪದೆ ಜೊತೆಗಿಟ್ಟುಕೊಳ್ಳಿ.

ಮುಂದಿನ ಕೆಲಸ ಎಪಾಕ್ಸಿ ರಾಳದ್ದು. ಊರಿನಲ್ಲಿ ಅರಾಲ್ಡೈಟ್ ಎಂದು ಕೊಳ್ಳುತ್ತಿದ್ದೆವಲ್ಲ, ಅದೇ ಕುಲ. ಮರದ ಹುಡಿ ಬೆರೆಸಿ ಗಟ್ಟಿಮಾಡಿದ ರಾಳವನ್ನು ಒಳಮೂಲೆಗಳಿಗೆ ತುಂಬಿ, ಮೇಲೆ ಗಾಜುನಾರಿನ ಪಟ್ಟಿ ಹಾಕಿದ ಮೇಲೆ ತಂತಿಯ ಕೆಲಸ ಮುಗಿಯಿತು. ಮಕ್ಕಳನ್ನು ಇದರಿಂದ ದೂರವಿಡುವುದೇ ಲೇಸು. ಬರಿಗೈಗೆ ಪದೇ ಪದೇ ತಾಗಿದರೆ ಕೆಲವರಿಗೆ ಬಿಡದ ಅಲರ್ಜಿ ಅಂಟಿಕೊಳ್ಳುತ್ತದೆ. ಒಂದೇ ಬಟ್ಟಲಿನಲ್ಲಿ ಹೆಚ್ಚು ಕಲಸಿಟ್ಟರೆ ತಾನೇ ಕಾದು ಹೊಗೆಯಾಡುತ್ತದೆ. ಚಳಿಗಾಲದ ಗ್ಯಾರೇಜಿನಲ್ಲಿಯಾದರೋ ದಿನವಾದರೂ ಗಟ್ಟಿಯಾಗದು. ಬಿಸಿಲು ಕೂಡ ಇದಕ್ಕೆ ಶತ್ರು, ಆದ್ದರಿಂದ ಕೊನೆಯಲ್ಲಿ ಬಣ್ಣ ಅಥವಾ ವಾರ್ನಿಷ್ ಕಡ್ಡಾಯ.

ಹುಟ್ಟಿನ ಅಳತೆಗೆ ಇಲ್ಲಿನವರಲ್ಲೊಂದು ಹಳೆಯ ಲೆಕ್ಕವುಂಟು. ಎರಡು ಬದಿಯ ಹುಟ್ಟುಕೊಂಡಿಗಳ ನಡುವಣ ದೂರವನ್ನು ಅರ್ಧಮಾಡಿ ಎರಡು ಅಂಗುಲ ಕೂಡಿಸಿ. ಬಂದದ್ದನ್ನು ಏಳರಿಂದ ಭಾಗಿಸಿ ಇಪ್ಪತ್ತೈದರಿಂದ ಗುಣಿಸಿ. ನಡುವಣ ದೂರ 42 ಅಂಗುಲವಾದರೆ ಹುಟ್ಟು 82 ಅಂಗುಲ, ಸುಮಾರು ಏಳಡಿ.

ನೀರಿಗಿಳಿಸುವ ದಿನ ಪೂಜೆ ಬೇಡವೆನ್ನುವವನು ನಾನಲ್ಲ. ನಮ್ಮ ಕರಾವಳಿಯಲ್ಲಿ ಮೊಗವೀರರು ಶ್ರಾವಣ ಹುಣ್ಣಿಮೆಯಂದು ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸುತ್ತಾರೆ. ನೀವೂ ಕಾಯಿ ಒಡೆಯಿರಿ, ಆದರೆ ದಡದ ಕಲ್ಲಿನ ಮೇಲೆ; ದೋಣಿಯ ಮೂತಿಗೆ ಬಡಿದರೆ 6 ಮಿಲಿಮೀಟರ್ ಹಲಗೆಯ ಗತಿ ಏನಾದೀತು!

ತಾವು ಮನಸ್ಸಿಟ್ಟು ಕೇಳಬೇಕಾದ ಮಾತು ಮುಂದಿನದು. ಈ ಕೊಲ್ಲಿಯ ನೀರು ಬೇಸಿಗೆಯಲ್ಲಿಯೂ ತಣ್ಣಗಿರುತ್ತದೆ. ಗೋಲ್ಡನ್ ಗೇಟಿನ ಬಳಿ ವರ್ಷದ ಹೆಚ್ಚು ಕಾಲ 50ರಿಂದ 60 ಡಿಗ್ರಿ ಫ್ಯಾರನ್‌ಹೀಟ್. ಊರ ಹೊಳೆಯಲ್ಲಿ ಈಜಿದವರೂ ಇಲ್ಲಿ ಹಠಾತ್ತನೆ ಬಿದ್ದರೆ ಮೊದಲ ನಿಮಿಷದಲ್ಲಿ ಉಸಿರು ಹಿಡಿತಕ್ಕೆ ಬಾರದೆ ನೀರು ಕುಡಿಯುತ್ತಾರೆ. ಪೇಟೆಯಲ್ಲಿ ಸಿಗುವ ಜೀವರಕ್ಷಕ ಅಂಗಿ ಚೆಂದವಿಲ್ಲವೆಂದು ದೋಣಿಯ ಮೂಲೆಯಲ್ಲಿಟ್ಟವರನ್ನು ಕಂಡಿದ್ದೇನೆ. ಹದಿಮೂರು ತುಂಬದ ಮಕ್ಕಳು ಚಲಿಸುವ ದೋಣಿಯಲ್ಲಿ ಅದನ್ನು ತೊಟ್ಟಿರಲೇಬೇಕೆಂಬುದು ಕ್ಯಾಲಿಫೋರ್ನಿಯದ ಕಾನೂನು. ದೊಡ್ಡವರಿಗೂ ಅದೇ ಇರಲಿ ಎಂಬುದು ನನ್ನ ಹಟ. ಬರಿಯ ಹುಟ್ಟಿನಿಂದ ನಡೆಯುವ ದೋಣಿಗೆ ಇಲ್ಲಿ ನೋಂದಣಿ ಬೇಕಿಲ್ಲ. ಸುಲಭವೆನಿಸುವ ಇಂಥ ಸೌಲಭ್ಯದಿಂದಲೇ ಮೈಮರೆವು ಹುಟ್ಟುವುದು.

ಮೊದಲ ಬಾರಿಗೆ ಗೋಲ್ಡನ್ ಗೇಟಿನತ್ತ ಹೋಗಲೇಬೇಡಿ. ಇಳಿತದ ಹೊತ್ತಿನಲ್ಲಿ ಅಲ್ಲಿನ ಸೆಳೆತ ಹುಟ್ಟು ಹಾಕುವವನ ವೇಗವನ್ನೂ ಮೀರುತ್ತದೆ, ದೋಣಿ ತೆರೆದ ಕಡಲಿನತ್ತ ಸಾಗುತ್ತದೆ. ದಕ್ಷಿಣದ ತುದಿಯಲ್ಲಿ ತೊಡಕು ಬೇರೆ: ಇಳಿತದಲ್ಲಿ ನೀರು ಸರಿದು, ದೋಣಿ ಮೈಲುಗಟ್ಟಲೆ ಕೆಸರಿನ ನಡುವೆ ಕೂತುಬಿಡುತ್ತದೆ, ಇಳಿದು ನಡೆಯಲೂ ಆಗದು. ಆದ್ದರಿಂದ ಫಾಸ್ಟರ್ ಸಿಟಿಯ ಹಿನ್ನೀರಿನಲ್ಲೋ ಮೌಂಟನ್ ವ್ಯೂನ ಶೋರ್‌ಲೈನ್ ಕೆರೆಯಲ್ಲೋ ಕೈ ಪಳಗಿಸಿಕೊಳ್ಳಿ. ಬೇಸಿಗೆಯಲ್ಲಿ ಬೆಳಗ್ಗೆಯೇ ಹೊರಡಿ. ಒಳನಾಡು ಕಾದಂತೆ ಮಧ್ಯಾಹ್ನಕ್ಕೆ ಪಡುವಣ ಗಾಳಿ ಜೋರಾಗುತ್ತದೆ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಮರಳುವಾಗ ಅದೇ ನಿಮ್ಮನ್ನು ತಳ್ಳಿಕೊಂಡು ಬಂದೀತು.

ನನ್ನ ದೋಣಿಯನ್ನು ಸಭಾಭವನದ ಹೊರಗೆ ಕಾರಿನ ಮೇಲೆಯೇ ಕಟ್ಟಿಟ್ಟಿದ್ದೇನೆ. ಕಾಫಿಯ ನಂತರ ಕೆಳಗಿಳಿಸೋಣ, ಎತ್ತಲು ಒಬ್ಬರು ಕೈಜೋಡಿಸಿದರೆ ಸಾಕು. ಮುಂದಿನ ಭಾನುವಾರ ಶೋರ್‌ಲೈನ್ ಕೆರೆಗೆ ಬರಬಯಸುವವರು ಹೆಸರಿನೊಂದಿಗೆ ಮಕ್ಕಳ ತೂಕವನ್ನೂ ಬರೆದುಕೊಡಿ; ರಕ್ಷಕ ಅಂಗಿಗಳನ್ನು ಆ ಅಳತೆಗೇ ತರಬೇಕಾಗುತ್ತದೆ.