ಹೆಸರು ತಪ್ಪಿದರೆ ಉಸಿರೇ ತಪ್ಪೀತು!



ಅಂಗಡಿಯ ಬೋರ್ಡಿನಲ್ಲಿ ಕನ್ನಡ ಬೇಕೆಂದು ಬೀದಿಗಿಳಿದವರು ನಾವು. ಇಂದು ನಾನು ಕಣ್ಣಿಗೆ ಕಾಣದ ಒಂದು ಬೋರ್ಡಿನ ಮಾತು ಆಡುತ್ತೇನೆ. ಆಸ್ಪತ್ರೆಯ ಕಂಪ್ಯೂಟರಿನೊಳಗೆ ನಿಮ್ಮ ತಾಯಿಯ ಹೆಸರು ಹೇಗೆ ಕೂತಿದೆ ಎಂಬ ಮಾತು.

ರಾಯಚೂರಿನ ಒಬ್ಬ ಹೆಣ್ಣುಮಗಳು ಬೆಂಗಳೂರಿಗೆ ಬಂದು ಹೃದಯದ ಕವಾಟ ಹಾಕಿಸಿಕೊಂಡು ಹೋದಳು ಎನ್ನಿ. ರಕ್ತ ಹೆಪ್ಪುಗಟ್ಟದಂತೆ ದಿನಾ ವಾರ್ಫರಿನ್ ಮಾತ್ರೆ ನುಂಗುತ್ತಾಳೆ. ಮಂಡಿನೋವೆಂದು ಊರಿನ ದವಾಖಾನೆಗೆ ಹೋದಾಗ, ಇದು ಗೊತ್ತಿಲ್ಲದ ಡಾಕ್ಟರು ಡೈಕ್ಲೋಫಿನಾಕ್ ಬರೆದುಕೊಟ್ಟರೆ? ಹೊಟ್ಟೆಯೊಳಗೆ ರಕ್ತ ಸುರಿದು ಪ್ರಾಣಕ್ಕೇ ಕುತ್ತು ಬರಬಹುದು. ರೋಗಿ ರಾಯಚೂರಿನಲ್ಲಿ, ಆಕೆಯ ಫೈಲು ಬೆಂಗಳೂರಿನಲ್ಲಿ!

ಈ ಕಂದಕಕ್ಕೆ ಸೇತುವೆ ಕಟ್ಟಲೆಂದೇ ಕೇಂದ್ರ ಸರ್ಕಾರ 2020ರ ಆಗಸ್ಟ್ 15ರಂದು ಒಂದು ಯೋಜನೆ ಘೋಷಿಸಿತು. 2021ರ ಸೆಪ್ಟೆಂಬರ್ 27ರಂದು ಅದು 'ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್' ಎಂಬ ಹೆಸರಿನಲ್ಲಿ ದೇಶಕ್ಕೆಲ್ಲ ಹರಡಿತು. ರೋಗಿಗೆ 14 ಅಂಕಿಯ 'ಆಭಾ' ಸಂಖ್ಯೆ. ದಾಖಲೆಗಳನ್ನೆಲ್ಲ ಒಂದೇ ಉಗ್ರಾಣಕ್ಕೆ ತುಂಬುವುದಿಲ್ಲ. ಅವು ಆಯಾ ಆಸ್ಪತ್ರೆಯಲ್ಲೇ ಇರುತ್ತವೆ. ರೋಗಿ ಒಪ್ಪಿದರೆ ಮಾತ್ರ ಒಂದು ಕಡೆಯ ದಾಖಲೆ ಇನ್ನೊಂದು ಕಡೆಯ ಡಾಕ್ಟರಿಗೆ ಕಾಣಬೇಕು. ಸೇರುವುದು, ಬಿಡುವುದು ರೋಗಿಯ ಇಷ್ಟ. ಯೋಜನೆ ಒಳ್ಳೆಯದೇ. ಆದರೆ ಎರಡು ಕಡೆ ಅದು ಭಾಷೆಗೆ ಬಂದು ಎಡವುತ್ತದೆ.

ಮೊದಲನೆಯದು ಹೆಸರು. ಹಳೆಯ ದಾಖಲೆ ಹುಡುಕುವಾಗ ಮೊಬೈಲ್ ನಂಬರ್, ಹೆಸರು, ಹುಟ್ಟಿದ ವರ್ಷ, ಹೆಣ್ಣೋ ಗಂಡೋ ಎಂಬುದನ್ನು ತಾಳೆ ನೋಡುತ್ತಾರೆ. ಕನ್ನಡದಲ್ಲಿ 'ಲಕ್ಷ್ಮಮ್ಮ' ಎಂದರೆ ಒಂದೇ ಹೆಸರು. ಇಂಗ್ಲಿಷ್ ಅಕ್ಷರಕ್ಕೆ ಹೋದರೆ? ಒಬ್ಬ ಗುಮಾಸ್ತ 'ಕೆ-ಎಸ್-ಎಚ್' ಒತ್ತುತ್ತಾನೆ, ಇನ್ನೊಬ್ಬ 'ಎಕ್ಸ್' ಒತ್ತುತ್ತಾನೆ. ಒಬ್ಬಳೇ ಲಕ್ಷ್ಮಮ್ಮ ಇಬ್ಬರಾದಳು! ನಮ್ಮಲ್ಲಿ ಎಷ್ಟೋ ಜನರಿಗೆ ಮನೆತನದ ಹೆಸರಿಲ್ಲ, ಇನಿಷಿಯಲ್ ಇದೆ. ಫಾರಂ 'ಲಾಸ್ಟ್ ನೇಮ್' ಕೇಳುತ್ತದೆ. ಒಂದು ಕಡೆ ಅಪ್ಪನ ಹೆಸರು, ಇನ್ನೊಂದು ಕಡೆ ಊರಿನ ಹೆಸರು ಬರೆಸುತ್ತೇವೆ. ವಯಸ್ಸೋ, 'ಸುಮಾರು ಅರವತ್ತು'. ಮೊಬೈಲು ಮಗನದ್ದು. ತಾಳೆಯಾಗುವುದು ಹೇಗೆ?

ಎರಡನೆಯದು ಒಪ್ಪಿಗೆ. ಯಾವ ದಾಖಲೆ, ಯಾವ ಅವಧಿಯದ್ದು, ಯಾರಿಗೆ, ಯಾವ ಕಾರಣಕ್ಕೆ, ಎಲ್ಲಿಯವರೆಗೆ – ಇಷ್ಟನ್ನೂ ತಿಳಿದು ರೋಗಿ ಹೂಂ ಅನ್ನಬೇಕು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು. ಆದರೆ ಕೌಂಟರಿನಲ್ಲಿ 'ಅಜ್ಜೀ, ಓಟಿಪಿ ಹೇಳಿ' ಎಂಬ ಒಂದು ಮಾತಿನಲ್ಲಿ ಇದೆಲ್ಲ ಮುಗಿದುಹೋದರೆ ಅದು ಒಪ್ಪಿಗೆಯೇ? ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಹಳೆಯ ಸಾಹುಕಾರಿಕೆಗೂ ಇದಕ್ಕೂ ಏನು ವ್ಯತ್ಯಾಸ? ಕ್ಷಯ, ಎಚ್‌ಐವಿ, ಮನೋರೋಗ, ಗರ್ಭಪಾತ – ಇವು ಸಂತೆಯಲ್ಲಿ ಹರಡುವ ಸರಕಲ್ಲ.

ಕಾನೂನು ನಮ್ಮ ಕಡೆಗಿದೆ, ಮಿತ್ರರೇ! 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಏನು ಹೇಳುತ್ತದೆ? ಒಪ್ಪಿಗೆಯನ್ನು ಸರಳ, ಸ್ಪಷ್ಟ ಮಾತಿನಲ್ಲಿ ಕೇಳಬೇಕು. ಅದನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು. ಅದರಲ್ಲಿ ಕನ್ನಡವೂ ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು. ಈ ಹೊಣೆ ಪೂರ್ತಿ ಜಾರಿಗೆ ಬರಲು 18 ತಿಂಗಳ ಗಡುವು ಕೊಟ್ಟಿದ್ದಾರೆ. ಗಡುವು ಮುಗಿಯುವವರೆಗೆ ಬಾಯಿಮುಚ್ಚಿ ಕೂರಬೇಕೆಂದು ಯಾರೂ ಹೇಳಿಲ್ಲ.

ಹಾಗಾದರೆ ನಮ್ಮ ಬೇಡಿಕೆ ಏನು? ನೋಂದಣಿಯಲ್ಲಿ ಹೆಸರು ಕನ್ನಡ ಲಿಪಿಯಲ್ಲೂ ಇರಲಿ. ಒಪ್ಪಿಗೆಯ ಪರದೆ ಕನ್ನಡದಲ್ಲಿ ತೆರೆಯಲಿ. ಓದಲು ಬಾರದವರಿಗೆ ಕನ್ನಡದಲ್ಲಿ ಓದಿ ಹೇಳಲಿ. ಡಿಸ್‌ಚಾರ್ಜ್ ಆಗುವಾಗ ಮಾತ್ರೆಗಳ ಪಟ್ಟಿಯ ಒಂದು ಹಾಳೆ ಕನ್ನಡದಲ್ಲಿ ಸಿಗಲಿ.

ಬೇಡಿಕೆಯ ಜೊತೆ ದುಡಿಮೆಯೂ ಬೇಕು. ಈ ಭಾನುವಾರ ಮನೆಯ ಹಿರಿಯರ ಆಧಾರ್, ಆಭಾ ಕಾರ್ಡು, ಆಸ್ಪತ್ರೆ ಚೀಟಿಗಳನ್ನು ಚಾಪೆಯ ಮೇಲೆ ಹರಡಿ. ಹೆಸರು, ಹುಟ್ಟಿದ ವರ್ಷ, ಮೊಬೈಲ್ ನಂಬರ್ ಒಂದೇ ಇದೆಯೇ ನೋಡಿ, ಇಲ್ಲದಿದ್ದರೆ ತಿದ್ದಿಸಿ. ಓಟಿಪಿ ಹೇಳುವ ಮೊದಲು 'ಇದು ಯಾತಕ್ಕೆ?' ಎಂದು ಕನ್ನಡದಲ್ಲಿ ಕೇಳಿ. ಉತ್ತರ ಕನ್ನಡದಲ್ಲಿ ಬರುವವರೆಗೆ ಓಟಿಪಿ ನಿಮ್ಮ ಜೇಬಿನಲ್ಲೇ ಇರಲಿ!